ನೀವು ಕೈಕಟ್ಟಿ ಕೂತ ದಿನಗಳು

ನನ್ನ ಹಮೀದ್ ಕಾಕರಿಗೆ,

ಆಸ್ಪತ್ರೆಯಿಂದ ನನ್ನನ್ನು ಗಲ್ಫಿನ ಈ ಊರಿನ ಬಿನ್ ಮಹಮೂದ್ ಬಡಾವಣೆಯಲ್ಲಿ ನಾವಿಬ್ಬರೂ ಇದ್ದ ರೂಮಿಗೆ ಕರೆತಂದ ದಿನ ನೀವು ಟೈಲರ್ ಅಂಗಡಿಗೆ ರಜೆ ಹಾಕಿ ಕೋಳಿ ಸಾರು ಮಾಡಿದ್ದಿರಿ. ಕೆಲಸದಲ್ಲಿ ಏಣಿಯಿಂದ ಬಿದ್ದು ತಲೆಗೆ ಏಟಾದಮೇಲೆ ನನ್ನ ಬಲಗೈ, ಬಲಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ನಾನು ಎಡಗೈಯನ್ನು ತಟ್ಟೆಗೆ ಹಾಕಿದ್ದೇ ತಡ, "ಎಡಗೈಯಲ್ಲಿ ಉಣ್ಣುವುದಾ ಮಾರಾಯ? ನಾನಿಲ್ವಾ?" ಎಂದು ನೀವೇ ಕಲಸಿ ಬಾಯಿಗಿಟ್ಟಿರಿ. ಅಮ್ಮನ ನಂತರ ನನಗೆ ತುತ್ತು ಕೊಟ್ಟವರು ನೀವೊಬ್ಬರೇ. ಆಮೇಲೆ ಅಂಗಿಯ ಗುಂಡಿ ಹಾಕಿದವರೂ ನೀವೇ, ಹಲ್ಲುಜ್ಜಿಸಿದವರೂ ನೀವೇ. ನಲವತ್ತರ ಹತ್ತಿರದ ಗಂಡಸು ನಾನು, ಸುಖವಾಗಿ ಬಾಯಿ ತೆರೆದು ಕೂತಿದ್ದೆ.

ಫಿಸಿಯೋಥೆರಪಿಯ ಲೀನಾ ಸಿಸ್ಟರ್ ಮನೆಯಲ್ಲಿ ಬಲಗೈ ಎಷ್ಟು ಬಳಸುತ್ತೀರಿ ಎಂದು ಕೇಳಿದಾಗ ನೀವು ಹೆಮ್ಮೆಯಿಂದಲೇ ಹೇಳಿದಿರಿ, "ಎಲ್ಲ ನಾನೇ ಮಾಡುವುದು." ಶಹಬ್ಬಾಸ್ ಎನ್ನುತ್ತಾರೆಂದುಕೊಂಡಿದ್ದಿರಲ್ಲವೇ? ಆಕೆ ಮಲಯಾಳಿ ಹಿಂದಿಯಲ್ಲಿ ಗದರಿದರು. ನೀವೇ ಉಣಿಸಿದರೆ ಇವರ ಕೈ ಕಲಿಯುವುದು ಯಾವಾಗ? ನೋಡುತ್ತಾ ಕೂತಿರಿ, ಮುಟ್ಟಬೇಡಿ.

ಅಂದು ಮಧ್ಯಾಹ್ನದಿಂದಲೇ ನೀವು ಎದುರಿಗೆ ಕೈಕಟ್ಟಿ ಕೂರತೊಡಗಿದಿರಿ. ಅನ್ನ ಬಾಯಿಗೆ ಬರುವಷ್ಟರಲ್ಲಿ ಅರ್ಧ ಲುಂಗಿಯ ಮೇಲೆ. "ಯಲ್ಲಾ, ನಡಿ ನಡಿ, ಇನ್ನೊಮ್ಮೆ ಮಾಡು" ಎನ್ನುವಿರಿ, ಅಷ್ಟೇ. ತಲೆಯ ಏಟಿನಿಂದ ಸಿಟ್ಟು ನನ್ನ ಹಿಡಿತದಲ್ಲಿರಲಿಲ್ಲ, ನಿಜ. ಆದರೆ ಅದೇ ನೆಪ ಹೇಳಿ ಎಷ್ಟು ದಿನ ತಪ್ಪಿಸಿಕೊಳ್ಳಲಿ? ಒಂದು ಶುಕ್ರವಾರ ತಟ್ಟೆ ತಳ್ಳಿ ಹೇಳಿಯೇಬಿಟ್ಟೆ: "ನನ್ನ ಅವಸ್ಥೆ ನೋಡ್ಲಿಕ್ಕೆ ಖುಷಿಯಾ ನಿಮ್ಗೆ? ಖಲಾಸ್. ನಿಮ್ಮ ಮುಖ ಕಾಣುವುದೇ ಬೇಡ ನಂಗೆ." ನೀವು ಚೆಲ್ಲಿದ ಅನ್ನ ಗುಡಿಸಿ, ಎರಡು ದಿನ ಇರುತ್ತೇನೆಂದು ಅಲ್ ಹಿಲಾಲ್ ಬಡಾವಣೆಯಲ್ಲಿರುವ ತಮ್ಮನ ಮನೆಗೆ ಹೋದಿರಿ. ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಎದೆ ನೋಯುತ್ತದೆ ಎಂದಿರಂತೆ. ಆಮೇಲೆ...

ಮುಂದಿನ ವಾರ ಸುದ್ದಿ ಕೇಳಿ ಲೀನಾ ಸಿಸ್ಟರ್ ಅತ್ತರು. ಥೆರಪಿಗೆ ಹೋದ ಪ್ರತಿ ಸಲವೂ ನೀವು ಹೊರಗೆ ಅವರನ್ನು ತಡೆದು, "ಹಸಿದು ಏಳ್ತಾನೆ ಸಿಸ್ಟರ್, ಒಂದು ತುತ್ತು ಕೊಡಲಾ?" ಎಂದು ಕೇಳುತ್ತಿದ್ದಿರಂತೆ. ಅವರು ಪ್ರತಿ ಸಲವೂ ಬೇಡ ಎಂದರಂತೆ. ನನಗೇಕೆ ಹೇಳಲಿಲ್ಲ ಕಾಕ? ಹೇಳಿದ್ದರೆ ನಾನು... ಆಗಲೂ ಬೈಯುತ್ತಿದ್ದೆನೇನೋ.

ನಿಮ್ಮ ದಫನದ ದಿನ ನಾನೂ ಬಂದಿದ್ದೆ, ಅದು ನಿಮಗೆ ಗೊತ್ತಿಲ್ಲ. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ಎಡಗೈಯಲ್ಲಿ ಊರುಗೋಲು ಹಿಡಿದು ನಾನೂ ಬಗ್ಗಿದೆ. ಮೊದಲ ಹಿಡಿ ಬೆರಳ ಸಂದಿಯಿಂದ ನನ್ನ ಪಾದದ ಮೇಲೆಯೇ ಸುರಿಯಿತು. ಎರಡನೆಯದೂ ಹಾಗೆಯೇ. ನಿಮ್ಮ ತಮ್ಮ ನನ್ನ ಕೈ ಹಿಡಿಯಲು ಬಂದರು. "ಮುಟ್ಟಬೇಡಿ, ನಾನೇ ಹಾಕ್ತೇನೆ" ಎಂದೆ. ಅವರು ಹಿಂದೆ ಸರಿದರು. ಆ ಬಿಸಿಲಿನಲ್ಲಿ ಅಷ್ಟೂ ಜನ ನನಗಾಗಿ ಕಾದು ನಿಂತರು. ಮೂರನೆಯದು ನಿಮ್ಮವರೆಗೆ ಬಂತು ಕಾಕ.

ನಿಮ್ಮ,
ದಿನೇಶ