ಎಡ ಪೆಡಲಿನ ತಿರುಪು

ಮನೆ, ಹಿತ್ತಲ ಮೆಟ್ಟಿಲ ಮೇಲೆ ಕೂತು
ಗುರುವಾರ, ಹನ್ನೊಂದನೇ ತಾರೀಕು

ಪ್ರೀತಿಯ ಇವರಿಗೆ,

ಹೇಗಿದ್ದೀರಿ? "ಇದೀನಿ" ಎಂದು ಒಂದೇ ಮಾತಿನಲ್ಲಿ ಮುಗಿಸಬೇಡಿ, ಇದ್ದೀರೆಂದು ನನಗೂ ಗೊತ್ತು. ನಿದ್ದೆ ಬರುತ್ತಿದೆಯೇ? ಆಸ್ಪತ್ರೆಯ ಊಟಕ್ಕೆ ಈಗಲಾದರೂ ಉಪ್ಪು ಬಿದ್ದಿದೆಯೇ? ಪಕ್ಕದ ಹಾಸಿಗೆಯ ಮುದುಕರ ಗೊರಕೆ ಇಳಿಯಿತೇ? ಕಾಲಿನ ಸಮಾಚಾರವನ್ನು ಬೇಕೆಂದೇ ಕೊನೆಗೆ ಕೇಳುತ್ತಿದ್ದೇನೆ, ಮೊದಲೇ ಕೇಳಿದರೆ ನೀವು ಕಾಗದವನ್ನು ಮಡಚಿ ದಿಂಬಿನ ಕೆಳಗೆ ತಳ್ಳುತ್ತೀರಿ. ಇಲ್ಲಿ ಅತ್ತೆ ಚೆನ್ನಾಗಿದ್ದಾರೆ, ಅಂದರೆ ಬೆಳಗ್ಗೆಯಿಂದ ಸಂಜೆಯವರೆಗೆ ನನ್ನನ್ನು ಬೈಯುವಷ್ಟು ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ, ಬಲ ಮೊಣಕೈ ಒಂದನ್ನು ಬಿಟ್ಟು. ಅಕ್ಷರ ಸೊಟ್ಟಗಿದ್ದರೆ ಅದೇ ಕಾರಣ, ಗಾಬರಿಯಾಗಬೇಡಿ, ಬರೀ ತರಚಿದ ಗಾಯ.

ಕಳೆದ ವಾರ ಮೈದುನ ನಿಮ್ಮನ್ನು ನೋಡಿಕೊಂಡು ನೇರವಾಗಿ ಇಲ್ಲಿಗೇ ಬಂದ. ಚಪ್ಪಲಿ ಬಿಡುವುದಕ್ಕೂ ಪುರುಸೊತ್ತಿಲ್ಲದೆ, "ಅತ್ತಿಗೆ, ಎಡ ಮಂಡಿ ಇನ್ನು ಪೂರ್ತಿ ಮಡಚಲ್ವಂತೆ. ಸೈಕಲ್ ಮಾರಿಬಿಡು ಅಂತ ಹೇಳು ಅಂದ ಅಣ್ಣ" ಎಂದ. ತೆಗೆದುಕೊಳ್ಳುವವರನ್ನೂ ಅವನೇ ಹುಡುಕಿಟ್ಟಿದ್ದಾನೆ, ಈ ಭಾನುವಾರ ಬಂದು ಒಯ್ಯುತ್ತಾರಂತೆ. ನೀವು ಕಾಲಿನ ವ್ಯಾಯಾಮಕ್ಕೂ ಹೋಗುತ್ತಿಲ್ಲವೆಂದು, ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತೀರೆಂದು ಮೆಲ್ಲಗೆ ಹೇಳಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅದೇನು ಬರೀ ಸೈಕಲ್ಲೇ? ಸ್ಟ್ಯಾಂಡ್ ಹಾಕಿ ತುಳಿದರೆ ಸಾಣೆಕಲ್ಲು ತಿರುಗುವಂತೆ ನನ್ನ ಹಳೆಯ ಹೊಲಿಗೆ ಯಂತ್ರದ ಬೆಲ್ಟನ್ನು ಅದಕ್ಕೆ ಬಿಗಿದವರು ಯಾರು? ಬೀದಿ ಬೀದಿ ಸುತ್ತಿ ಊರಿನ ಚಾಕು ಕತ್ತರಿಗಳಿಗೆಲ್ಲ ಸಾಣೆ ಹಿಡಿದವರು ಯಾರು? ನಾನು ಕೆಲಸಕ್ಕಿದ್ದ ಹೊಲಿಗೆ ಅಂಗಡಿಯ ಕತ್ತರಿಗಳು ವಾರವಾರವೂ ಮೊಂಡಾಗುತ್ತವೆ ಎಂದು ನಮ್ಮ ಮಾಲೀಕರನ್ನು ನಂಬಿಸಿ, ಸಾಣೆ ಹಿಡಿಯುತ್ತ ನನ್ನನ್ನು ನೋಡುತ್ತ ಕೂತಿದ್ದೂ ಅದೇ ಸೈಕಲ್ಲಿನ ಮೇಲಲ್ಲವೇ? ಮಾರಿಬಿಡು ಅನ್ನುವುದು ಸುಲಭ.

ಅಂದಿನಿಂದ ನನಗೆ ಕೈ ಓಡುತ್ತಿಲ್ಲ, ಅಥವಾ ಬೇಡದ ಕಡೆಯೆಲ್ಲ ಓಡುತ್ತಿದೆ. ಹೊಲಿಯಲು ಕೂತರೆ ತೋಳಿನ ಬಟ್ಟೆಗೆ ಕತ್ತು ಕತ್ತರಿಸುತ್ತೇನೆ, ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಓಡುತ್ತೇನೆ. "ಕೂತಲ್ಲಿ ಕೂರಲ್ಲ, ನಿಂತಲ್ಲಿ ನಿಲ್ಲಲ್ಲ, ಕಾಲಿಗೇನು ಚಕ್ರ ಕಟ್ಕೊಂಡಿದೀಯಾ?" ಎಂದು ಅತ್ತೆ ಕೇಳಿದರು. ಒಂದು ರೀತಿಯಲ್ಲಿ ಹೌದು. ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ ಕೈಯಿಂದ ಪೆಡಲ್ ತಿರುಗಿಸಿ ತಿರುಗಿಸಿ ನೋಡಿದೆ. ಪೆಡಲನ್ನು ಹಿಡಿದಿರುವ ಆ ಕಬ್ಬಿಣದ ಕ್ರ್ಯಾಂಕು ಉದ್ದವಿರುವುದರಿಂದಲೇ ಕಾಲು ಅಷ್ಟು ಮೇಲಕ್ಕೆ ಬರಬೇಕು, ಮಂಡಿ ಅಷ್ಟು ಮಡಚಬೇಕು. ಎಡಗಡೆಯದನ್ನು ಗಿಡ್ಡ ಮಾಡಿದರೆ? ಹೊಳೆದದ್ದೇ ತಡ, ಗೇಟು ಗ್ರಿಲ್ಲು ಮಾಡುವ ವೆಲ್ಡಿಂಗಿನವನ ಹತ್ತಿರ ತಳ್ಳಿಕೊಂಡು ಹೋದೆ. ಅವನಂತೂ "ಅದೇನ್ ಮಹಾ ಅಕ್ಕಾ!" ಎಂದು ಕ್ರ್ಯಾಂಕಿನ ನಡುವೆ ಇನ್ನೊಂದು ತೂತು ಕೊರೆದು, ತಿರುಪು ಹತ್ತುವಂತೆ ಒಳಗೆ ಥ್ರೆಡ್ ಹಾಕಿಯೇಬಿಟ್ಟ. ನಮ್ಮ ಎಡ ಪೆಡಲ್ ಅದಕ್ಕೆ ಹತ್ತಲಿಲ್ಲ. ಅವನಲ್ಲಿ ಬಿದ್ದಿದ್ದ ಒಂದು ಹಳೆಯ ಬಲ ಪೆಡಲ್ ಹಾಕಿ ನೋಡಿದ, ಸಲೀಸಾಗಿ ಹತ್ತಿತು. ಇಬ್ಬರೂ ಹಿರಿಹಿರಿ ಹಿಗ್ಗಿದೆವು.

ಮನೆಗೆ ಬಂದವಳೇ ಎಡ ಮಂಡಿಯ ಹಿಂದೆ ಚಿಂದಿ ಬಟ್ಟೆಯ ಉಂಡೆಯಿಟ್ಟು, ಅರ್ಧಕ್ಕಿಂತ ಹೆಚ್ಚು ಮಡಚದಂತೆ ಬಿಗಿಯಾಗಿ ಕಟ್ಟಿಕೊಂಡೆ. ನಿಮ್ಮ ಕಾಲು ನನಗೆ ಬಂದರೆ ಹೇಗಿರುತ್ತದೆಂದು ನೋಡಬೇಕಿತ್ತು. ಸೀರೆ ಎತ್ತಿ ಕಟ್ಟಿ ಹೊರಟಳಲ್ಲ ನಿಮ್ಮ ಹೆಂಡತಿ, ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ತುಳಿಯಲು ಆಗುತ್ತಿತ್ತು, ನಿಜವಾಗಿಯೂ ಆಗುತ್ತಿತ್ತು! ಆದರೆ ಕ್ಷೌರದಂಗಡಿಯ ತಿರುವಿನಲ್ಲಿ ಪೆಡಲ್ ಕಳಚಿಕೊಂಡು ಕಾಲಡಿಯಿಂದಲೇ ಮಾಯ. ಅಂಗಡಿಯ ಬೆಂಚಿಗೆ ಹೋಗಿ ಬಿದ್ದೆ. ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದವರು ಹಾಗೇ ಎದ್ದು ಬಂದು ನನ್ನನ್ನು ಎತ್ತಿದರು. ಮೈಯ ಬಲವನ್ನೆಲ್ಲ ಹಾಕಿ ಮತ್ತೆ ಬಿಗಿ ಮಾಡಿದೆ, ಮಾರನೆಯ ದಿನ ಮತ್ತೆ ಅದೇ ಕಥೆ. ಎಷ್ಟು ಬಿಗಿದರೂ ತುಳಿಯುತ್ತ ತುಳಿಯುತ್ತ ಅದಾಗಿಯೇ ಸಡಿಲವಾಗುತ್ತದೆ.

ಮೊಣಕೈಗೆ ಮುಲಾಮು ಹಚ್ಚಿಕೊಳ್ಳುವಾಗ ನೆನಪಾಯಿತು. ಮದುವೆಯಾದಂದಿನಿಂದ ನನ್ನನ್ನು "ಎಡ ಪೆಡಲ್" ಅನ್ನುತ್ತೀರಿ. ನಾನು ಹಟ ಹಿಡಿದಾಗಲೆಲ್ಲ "ಎಲ್ಲರೂ ಒಂದ್ ಕಡೆ ತಿರುಗಿದ್ರೆ ಇವಳು ಇನ್ನೊಂದ್ ಕಡೆ, ಎಡ ಪೆಡಲ್ ಇವಳು" ಎಂದು ಅತ್ತೆಯ ಮುಂದೆ ಹೇಳಿ ನಗುತ್ತಿದ್ದಿರಿ. ನನ್ನನ್ನು ರೇಗಿಸಲು ನೀವೇ ಕಟ್ಟಿದ ಮಾತೆಂದು ಇಷ್ಟು ವರ್ಷ ನಂಬಿದ್ದೆ. ಓಡಿಹೋಗಿ ಬಿಚ್ಚಿಟ್ಟಿದ್ದ ನಿಮ್ಮ ಎಡ ಪೆಡಲನ್ನು ನೋಡಿದರೆ, ಹೌದಲ್ಲ, ಅದರ ತಿರುಪು ನಿಜವಾಗಿಯೂ ಉಲ್ಟಾ! ನಾವು ಹಾಕಿದ್ದು ಬಲ ಪೆಡಲ್, ಅದಕ್ಕೇ ಕಳಚುತ್ತಿತ್ತು. ತುಳಿದಷ್ಟೂ ಕಳಚಿಕೊಳ್ಳದೆ ಬಿಗಿಯಾಗಿ ನಿಲ್ಲಲಿ ಎಂದೇ ಎಡದ್ದನ್ನು ಹಾಗೆ ಮಾಡಿರುತ್ತಾರೆ. ಅಂದರೆ ನೀವು ನನ್ನನ್ನು ಬೈಯುತ್ತಿದ್ದಿರೋ ಹೊಗಳುತ್ತಿದ್ದಿರೋ? ನಿಮಗೂ ಅಷ್ಟು ಯೋಚನೆ ಇದ್ದಿರಲಾರದು, ಬಿಡಿ. ನಾನಂತೂ ಹೊಗಳಿಕೆಯೆಂದೇ ತೆಗೆದುಕೊಂಡು ಒಬ್ಬಳೇ ಕೂತು ಅತ್ತುಬಿಟ್ಟೆ.

ಅತ್ತು ಮುಗಿಸಿ ಗುಜರಿ ಅಂಗಡಿಗೆ ಹೋದೆ. ಮಕ್ಕಳ ಸೈಕಲ್ಲೊಂದು ತುಕ್ಕು ಹಿಡಿದು ಬಿದ್ದಿತ್ತು. ಅದರ ಎಡಗಡೆಯ ಕ್ರ್ಯಾಂಕು ಹುಟ್ಟುತ್ತಲೇ ಗಿಡ್ಡ, ತಿರುಪೂ ಸರಿಯಾಗಿ ಉಲ್ಟಾ. ನಮ್ಮ ಸೈಕಲ್ಲಿನ ಅಚ್ಚಿಗೆ ಸ್ವಲ್ಪ ಸಡಿಲವಾಗುತ್ತಿತ್ತು, ಬಿಸ್ಕತ್ತಿನ ಡಬ್ಬದ ತಗಡನ್ನು ಪಟ್ಟಿ ಕತ್ತರಿಸಿ ಸುತ್ತಿ ಕೂರಿಸಿದೆ. ಆ ಪುಣ್ಯಕಾರ್ಯಕ್ಕೆ ನನ್ನ ಒಳ್ಳೆಯ ಕತ್ತರಿಯ ಬಾಯಿ ಹೋಯಿತು. ಈಗ ಪೆಡಲ್ ಅಲ್ಲಾಡುವುದಿಲ್ಲ. ನೀರಿನ ಟ್ಯಾಂಕಿನವರೆಗೆ ಹೋಗಿ ಬಂದೆ. ಸ್ಟ್ಯಾಂಡ್ ಹಾಕಿ ಸಾಣೆಕಲ್ಲನ್ನೂ ತಿರುಗಿಸಿದೆ, ಅತ್ತೆ ಬಾಯಲ್ಲಿ ಬೈಯುತ್ತಲೇ ತಮ್ಮ ಚಾಕುವನ್ನು ತಂದುಕೊಟ್ಟರು.

ಈಗ ನೇರವಾಗಿ ಹೇಳುತ್ತೇನೆ. ನನಗೆ ಸೈಕಲ್ಲಿನ ಚಿಂತೆಯಲ್ಲ. ಅದು ಹೋದರೆ ಹೋಗಲಿ. ನೀವು ಮನೆಗೆ ಬಂದು ಇಲ್ಲಿಯೂ ಒಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರೆ ನಾನೇನು ಮಾಡಲಿ? ಆ ಭಯಕ್ಕೇ ಕೂತಲ್ಲಿ ಕೂರಲಾಗುತ್ತಿಲ್ಲ. ನೀವು ಕುಂಟುತ್ತ ಬನ್ನಿ, ಗೊಣಗುತ್ತ ಬನ್ನಿ, ಆದರೆ ಈ ಕಡೆ ತಿರುಗಿಕೊಂಡು ಬನ್ನಿ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ನಿಮ್ಮ ಹೆಂಡತಿಗೆ ಬುದ್ಧಿ ಹೇಳಬೇಕೆಂದೂ ಹೇಳಿದ್ದಾರೆ. ಕಾಗದವನ್ನು ಮೈದುನನ ಕೈಯಲ್ಲೇ ಕಳಿಸುತ್ತಿದ್ದೇನೆ. ಉತ್ತರವಿಲ್ಲದೆ ಅಲ್ಲಿಂದ ಏಳಬೇಡ ಎಂದು ಅವನಿಗೆ ತಾಕೀತು ಮಾಡಿದ್ದೇನೆ, ಪಾಪ, ಅವನ ಮೇಲೆ ರೇಗಬೇಡಿ.

ನಿಮ್ಮ ದಾರಿ ನೋಡುತ್ತಿರುವ,
ನಿಮ್ಮವಳು

ಅವನು ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ, ಮುಖ್ಯವಾದದ್ದೇ ಮರೆತಿತ್ತು: ಲಕೋಟೆಯೊಳಗೆ ಒಂದು ಉದ್ದನೆಯ ದಾರವಿದೆ, ಕಸವೆಂದು ಎಸೆಯಬೇಡಿ. ಅರ್ಧ ಮಡಚುತ್ತದೆ ಎನ್ನುವುದು ನನ್ನ ಊಹೆ ಅಷ್ಟೇ, ನನಗೆ ನಿಮ್ಮ ಅಳತೆ ಬೇಕು. ಹಾಸಿಗೆಯ ಮೇಲೆ ಕಾಲು ನೀಡಿ ಕೂತು, ದಾರದ ತುದಿಯನ್ನು ಸೊಂಟಕ್ಕೆ ಒತ್ತಿ ಹಿಡಿದು, ಹಿಮ್ಮಡಿಯ ಹತ್ತಿರ ಒಂದು ಗಂಟು ಹಾಕಿ. ಆಮೇಲೆ ಕಾಲನ್ನು ಎಷ್ಟಾಗುತ್ತದೋ ಅಷ್ಟು ಎಳೆದುಕೊಂಡು, ಹಿಮ್ಮಡಿ ಬಂದು ನಿಂತ ಕಡೆ ಇನ್ನೊಂದು. ನೋವಾಗುತ್ತದೆ, ಗೊತ್ತು. ಆ ಎರಡು ಗಂಟುಗಳ ನಡುವಿನ ಜಾಗದಲ್ಲೇ ಪೆಡಲ್ ಸುತ್ತುವಂತೆ ಕ್ರ್ಯಾಂಕನ್ನು ಇನ್ನೂ ಗಿಡ್ಡ ಮಾಡಿಸುತ್ತೇನೆ. ಗಂಟಿಲ್ಲದ ದಾರ ಬಂದರೆ ಭಾನುವಾರ ಸೈಕಲ್ಲನ್ನು ಕೊಟ್ಟುಬಿಡುತ್ತೇನೆ, ಒಂದು ಮಾತೂ ಆಡುವುದಿಲ್ಲ. ಆದರೆ ನಡುವೆ ಒಂದು ಬೆರಳಿನಷ್ಟೇ ಜಾಗವಿದ್ದರೂ, ರೀ, ಗಂಟು ಹಾಕಿಯೇ ಕಳಿಸಿ.