ಬೋಣಿಗೆ ಮುಂಚೆ ಹೋದ ವರದಿ

ದಾವಣಗೆರೆ, ಎಂ.ಸಿ.ಸಿ. ‘ಬಿ’ ಬ್ಲಾಕ್
೨-೮-೨೦೨೫, ಶನಿವಾರ

ಪ್ರೀತಿಯ ಅಬ್ಬಾ,

ಅಸ್ಸಲಾಮು ಅಲೈಕುಮ್. ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಾಟಲಿ ಇನ್ನೂ ತುಂಬಿಯೇ ಇದೆಯೋ? ಫೋನಿನಲ್ಲಿ ಮಾತು ಶುರು ಮಾಡುವಷ್ಟರಲ್ಲಿ ಬಳೆ ಅಂಗಡಿಗೆ ಯಾರಾದರೂ ಬರುತ್ತಾರೆ, ನೀವು “ಆಮ್ಯಾಲೆ ಮಾತಾಡಾಣ ಬೇಟಿ” ಎನ್ನುತ್ತೀರಿ. ಅದಕ್ಕೇ ಈ ಕಾಗದ. ಹರಿಹರವೇನು ದೂರವಲ್ಲ, ಆದರೆ ಕಳೆದ ಮೂರು ಭಾನುವಾರಗಳನ್ನೂ ಆಫೀಸೇ ನುಂಗಿತು. ಸಾಕಾಗಿ ಹೋಗಿದೆ ಅಬ್ಬಾ, ಮಲಗಿ ಎದ್ದರೂ ಮೈ ಹಗುರಾಗುವುದಿಲ್ಲ.

ನಮ್ಮದು ಐದು ಜನರ ಜಾಹೀರಾತು ಆಫೀಸು. ಅಂಗಡಿಗಳ ಜಾಹೀರಾತನ್ನು ಜನರ ಮೊಬೈಲಿಗೆ ತಲುಪಿಸಿ, ಎಷ್ಟು ಜನ ನೋಡಿದರು, ಎಷ್ಟು ಜನ ವಿಚಾರಿಸಿದರು ಎಂದು ತಿಂಗಳಿಗೊಮ್ಮೆ ವರದಿ ಕೊಡುತ್ತೇವೆ. ಇಷ್ಟು ದಿನ ಅದನ್ನು ಮಾಡುತ್ತಿದ್ದವರು ಪುಷ್ಪಲತಕ್ಕ. ನನಗೆ ಕೆಲಸ ಕಲಿಸಿದವರು, ರಂಜಾನಿನಲ್ಲಿ ನನ್ನೆದುರು ನೀರೂ ಕುಡಿಯದವರು. ಹೊಸಬರು ಸೇರಿದರೆ ಅವರ ಅಂಗಡಿಗೇ ಹೋಗಿ, ಸ್ಟೂಲಿನ ಮೇಲೆ ಅರ್ಧ ದಿನ ಕೂತು, ಚಹಾ ಕುಡಿದು, ಎಲ್ಲ ತಿಳಿದುಕೊಂಡು ಬರುತ್ತಿದ್ದರು. ವರದಿಯನ್ನು ಒಬ್ಬೊಬ್ಬರಿಗೂ ಫೋನಿನಲ್ಲಿ ಓದಿ ಹೇಳುತ್ತಿದ್ದರು. ಇದಕ್ಕೆಲ್ಲ ವಾರಗಟ್ಟಲೆ ಹಿಡಿಯುತ್ತದೆ ಎಂದು ಮಾಲೀಕರಾದ ಸಿದ್ದೇಶ್ ಸರ್, ಎಲ್ಲವನ್ನೂ ಕಂಪ್ಯೂಟರಿಗೆ ಒಪ್ಪಿಸುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಈಗ ಹೊಸಬರ ಮೊಬೈಲಿಗೆ ಒಂದು ಫಾರಂ ಹೋಗುತ್ತದೆ. ಮಲೆಬೆನ್ನೂರಿನ ಗೊಬ್ಬರದಂಗಡಿ ಕಲ್ಲಪ್ಪನವರು ‘ನಿಮ್ಮ ಗ್ರಾಹಕರು ಯಾರು’ ಎಂಬಲ್ಲಿ ‘ಎಲ್ಲಾ ಗೊತ್ತಿರೋರೇ’ ಎಂದು ತುಂಬಿದ್ದಾರೆ. ನಗು ಬಂತು, ನಗುವುದಕ್ಕೂ ತ್ರಾಣವಿರಲಿಲ್ಲ.

ವರದಿಗಳೂ ಒಂದನೇ ತಾರೀಖು ತಾವಾಗಿಯೇ ವಾಟ್ಸಾಪಿಗೆ ಹೋಗುವಂತಾಯಿತು. ನಿನ್ನೆ ಮೊದಲ ಸಲ ಹೋದವು, ಬೆಳಗ್ಗೆ ಹತ್ತಕ್ಕೆ, ಎಲ್ಲ ಅಂಗಡಿಗಳಿಗೂ ಒಂದೇ ಏಟಿಗೆ. ಹಿಂದಿನ ತಿಂಗಳು ಬಹುಪಾಲು ಆಷಾಢ. ವಿಚಾರಿಸಿದವರ ಲೆಕ್ಕ ಎಲ್ಲರದ್ದೂ ಇಳಿದಿತ್ತು, ಎಲ್ಲರ ವರದಿಯಲ್ಲೂ ಕೆಳಮುಖದ ಕೆಂಪು ಬಾಣ. ಅಂಗಡಿಯವರು ಆಗಷ್ಟೇ ಬಾಗಿಲು ತೆಗೆದು, ಊದುಬತ್ತಿ ಹಚ್ಚಿ, ಮೊದಲ ಗಿರಾಕಿಯ ದಾರಿ ಕಾಯುವ ಹೊತ್ತು. ಬೋಣಿಗೆ ಮುಂಚೆ ಅಂಗಡಿಯಲ್ಲಿ ನಷ್ಟದ ಮಾತೆತ್ತಿದವರನ್ನು ನೀವು ಹೇಗೆ ನೋಡುತ್ತೀರಿ ಎಂಬುದು ನನಗೆ ಗೊತ್ತಿಲ್ಲವೇ? ಪುಷ್ಪಲತಕ್ಕ ಇಷ್ಟು ವರ್ಷಗಳಲ್ಲಿ ಮಧ್ಯಾಹ್ನಕ್ಕೆ ಮುಂಚೆ ಯಾರಿಗೂ ವರದಿ ಹೇಳಿದವರಲ್ಲ. ಸೀರೆ ಅಂಗಡಿಯ ಓಬವ್ವನವರು ಆಫೀಸಿಗೇ ಬಂದು, “ಶ್ರಾವಣ ಶುಕ್ರವಾರ, ಇನ್ನಾ ಬೋಣಿ ಆಗಿಲ್ಲ. ಹಿಂಗಾ ಕಳ್ಸೋದು? ನಿಮ್ ಸಹವಾಸನೇ ಬ್ಯಾಡ ಬಿಡ್ರಿ” ಎಂದರು. ಸಂಜೆಯೊಳಗೆ ಇನ್ನೂ ಎಂಟು ಅಂಗಡಿಯವರು ನಮ್ಮನ್ನು ಬಿಟ್ಟರು.

ಇವತ್ತು ಸಿದ್ದೇಶ್ ಸರ್ ಎಲ್ಲರನ್ನೂ ಕೂರಿಸಿಕೊಂಡು, ಈ ಸಮಯ ಗೊತ್ತುಮಾಡಿದ್ದು ಯಾರು ಎಂದು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಅಂಗಡಿಯವರ ಹೊತ್ತುಗೊತ್ತು ಬಲ್ಲವರು ಪುಷ್ಪಲತಕ್ಕ ಒಬ್ಬರೇ, ತನ್ನ ಕೆಲಸ ಕಂಪ್ಯೂಟರಿಗೆ ಹೋಯಿತೆಂಬ ಸಿಟ್ಟಿಗೆ ಬೇಕೆಂದೇ ತಪ್ಪು ಹೇಳಿಕೊಟ್ಟಿದ್ದಾರೆ ಎಂದು ಸರ್ ತೀರ್ಮಾನಿಸಿಬಿಟ್ಟರು. ಸೋಮವಾರದಿಂದ ಬರುವುದು ಬೇಡ ಎಂದರು. ಹನ್ನೊಂದು ವರ್ಷದ ಕೆಲಸ ಅಬ್ಬಾ. ಅಕ್ಕ ಊಟದ ಡಬ್ಬಿ ತೊಳೆದು ಚೀಲಕ್ಕೆ ಹಾಕಿಕೊಂಡರು. ಹೋಗುವಾಗ ನನ್ನ ಹತ್ತಿರ ಬಂದು, “ಹೊತ್ತಿಗೆ ಸರಿಯಾಗಿ ಉಣ್ಣವ್ವ, ಭಾಳ ಸೊರಗೀದಿ” ಎಂದರು. ಆಮೇಲೆ ನಾನು ಬಚ್ಚಲಿಗೆ ಹೋಗಿ ಅತ್ತೆ.

ಅಮ್ಮಿಗೆ ಸಲಾಂ ತಿಳಿಸಿ. ತಮ್ಮ ಫರ್ದೀನ್ ಗಾಡಿ ನಿಧಾನ ಓಡಿಸಲಿ. ನಿಮ್ಮ ದುವಾದಲ್ಲಿ ಈ ಸಲ ನನ್ನ ಹೆಸರು ಮೊದಲು ಬರಲಿ.

ನಿಮ್ಮ ಮಗಳು,
ನಿಖತ್

ತಾ.ಕ.: ಹರಿಹರಕ್ಕೆ ಹೊರಟ ಅಮ್ಜದ್ ಮಾಮು ಈ ಕಾಗದಕ್ಕಾಗಿ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆದುಬಿಡುತ್ತೇನೆ. ಹತ್ತು ಗಂಟೆ ಇಟ್ಟದ್ದು ನಾನು. ಮಧ್ಯಾಹ್ನದ ಮೇಲೆ ಕಳಿಸು ಎಂದು ಅಕ್ಕ ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ಆಫೀಸು ತೆರೆಯುವ ಹೊತ್ತಲ್ಲವೇ ಎಂದು ಹತ್ತು ಒತ್ತಿದೆ. ಸರ್ ಕೇಳಿದಾಗ ಅಕ್ಕ ನನ್ನ ಮುಖ ನೋಡಿದರು, ಆದರೆ ಹೆಸರು ಹೇಳಲಿಲ್ಲ. ನಾನು ತಲೆ ತಗ್ಗಿಸಿ ಕೂತೆ. ಸೋಮವಾರ ಸರ್‌ಗೆ ಹೇಳಬೇಕು. ಹೇಳುತ್ತೇನೆ ಎಂಬ ಧೈರ್ಯ ನನಗೇ ಇಲ್ಲ. ಅಂದು ಸಂಜೆ ನೀವೇ ಫೋನ್ ಮಾಡಿ, ಹೇಳಿದೆಯಾ ಎಂದು ಅಷ್ಟೇ ಕೇಳಿ. ನಿಮಗೆ ಸುಳ್ಳು ಹೇಳಲು ನನಗೆ ಬರುವುದಿಲ್ಲ.