ಅಕ್ಕನ ಚೀಲ

ನವೆಂಬರ್ ೧೪, ಶುಕ್ರವಾರ

ಧಾರವಾಡದಿಂದ ತ್ರಿವೇಣಿ ಅಕ್ಕ ಈ ಸಲವೂ ಕಾದಂಬರಿ ಕಳಿಸಿದಳು. ಆದರೆ ಫೋನಿಗೆ. ಇ-ಪುಸ್ತಕ.

“ಇನ್ನ ನೀ ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ಓಡೂದು ತಪ್ಪಿತು ನೋಡು” ಎಂದು ಫೋನಿನಲ್ಲಿ ನಕ್ಕಳು. ಚಲೋ ಆತು ಅಂದೆ. ಏನು ಚಲೋ, ಮಣ್ಣು!

ಇಷ್ಟು ವರ್ಷ ಅವಳು ಓದಿ ಮುಗಿಸಿದ ಪುಸ್ತಕ ಬಟ್ಟೆಯ ಚೀಲದಲ್ಲಿ, ಧಾರವಾಡ ಬಸ್ಸಿನ ಡ್ರೈವರ್ ಮಾಂತುವಿನ ಕೈಯಲ್ಲಿ ಇಲ್ಲಿಗೆ ಬರುತ್ತಿತ್ತು. ತಾನು ಅತ್ತ ಪುಟದ ಮೂಲೆಯನ್ನು ಅಕ್ಕ ಮಡಚಿರುತ್ತಿದ್ದಳು. ಅಲ್ಲಿಗೆ ಬಂದಾಗ ನಾನೂ ಅಳುತ್ತಿದ್ದೆ. ಅದೇ ಚೀಲದಲ್ಲಿ ಇಲ್ಲಿಯ ಖಾರದ ತಿಂಡಿ ಬಾಕರವಡಿ ತುಂಬಿ ನಾನು ವಾಪಸು ಕಳಿಸುತ್ತಿದ್ದೆ. ಫೋನಿನಲ್ಲಿ ಪುಟಗಳೆಲ್ಲ ನುಣ್ಣಗೆ ಸರಿದುಹೋಗುತ್ತವೆ. ಅಕ್ಕ ಎಲ್ಲಿ ಅತ್ತಳೋ ತಿಳಿಯುವುದೇ ಇಲ್ಲ.

ಹೋದ ಸಲದ ಚೀಲ ನನ್ನಲ್ಲೇ ಉಳಿದಿತ್ತು. ಕೊಟ್ಟುಬಿಡೋಣವೆಂದು ಬಾಕರವಡಿ ತುಂಬಿಕೊಂಡು ಸಂಜೆ ಸ್ವಾರಗೇಟಿಗೆ ಹೋದೆ.

“ಇವತ್ತ ಪುಸ್ತಕ ಕೊಟ್ಟಿಲ್ರಿ ಅಕ್ಕಾರು” ಎಂದ ಮಾಂತು.

“ಗೊತ್ತದ. ಇನ್ನ ಮುಂದನೂ ಕೊಡೂದಿಲ್ಲ.”

“ಹಂಗಾರ ಚೀಲ ಕೊಡ್ರಿ, ಮುಟ್ಟಸ್ತೀನಿ.”

ಬಾಕರವಡಿ ಪೊಟ್ಟಣವನ್ನಷ್ಟೇ ತೆಗೆದು ಅವನ ಕೈಗಿಟ್ಟೆ. “ಚೀಲ ನನ್ನ ಹತ್ರ ಇರ್ಲಿ.”

ಈಗ ಫೋನನ್ನು ಆ ಚೀಲದೊಳಗೆ ಹಾಕಿ ದಿಂಬಿನ ಪಕ್ಕ ಇಟ್ಟುಕೊಂಡಿದ್ದೇನೆ. ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡಬೇಕು, ಎಲ್ಲಾದರೂ ಒಂದು ಮೂಲೆ ಮಡಚಿದೆಯೋ ಏನೋ.